ಲೇಥಿನ ನಾಲ್ಕನೆಯ ಕಾಲು

ಫೆಬ್ರವರಿ ಹನ್ನೊಂದು, ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತು. ಈ ಬರಹ ಶುರುವಾದ ಹೊತ್ತು ಇದು. ಹೊತ್ತು ಬರೆದಿಡದೆ ನಾನು ತಲೆಗೆ ಎಣ್ಣೆ ಕೂಡ ಹಚ್ಚಿಕೊಳ್ಳುವವಳಲ್ಲ. ಈ ಗುಣದ ಬಗ್ಗೆ ಮನೆಯಲ್ಲಿ ಎಲ್ಲರದೂ ಒಂದೇ ಅಭಿಪ್ರಾಯ; ಅದನ್ನು ಇಲ್ಲಿ ಬರೆಯುವಂತಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹೋದ ವರ್ಷ ಹಳೇ ಹುಬ್ಬಳ್ಳಿಯ ಹುಸೇನ್ ಕಾಕಾ ತಮ್ಮ ವರ್ಕ್‌ಶಾಪು ಮುಚ್ಚಿದಾಗ ಅವರ ಸಣ್ಣ ಲೇಥ್ ಮಶೀನನ್ನು ಮನೆಗೆ ತಂದೆ. ಕಬ್ಬಿಣ, ಹಿತ್ತಾಳೆಯನ್ನು ಗರಗರ ತಿರುಗಿಸಿ, ಹೆರೆದು ದುಂಡಗೆ ಮಾಡುವ ಯಂತ್ರ. ಬೇರೆ ಹುಡುಗಿಯರು ಬೆಕ್ಕು ತರುತ್ತಾರೆ. ಬೆಕ್ಕಿಗೆ ಹಾಲು ಬೇಕು, ಇದಕ್ಕೆ ಎಣ್ಣೆ ಬೇಕು, ವ್ಯತ್ಯಾಸ ಅಷ್ಟೇ ಎಂದು ಅವ್ವನ ಮುಂದೆ ವಾದಿಸಿದೆ. "ಬೆಕ್ಕು ಅರ್ಧಾ ಪಡಸಾಲಿ ನುಂಗಂಗಿಲ್ಲ" ಎಂದಳು ಅವ್ವ. ತುಕ್ಕು ತಿಕ್ಕಲು ಮೂವತ್ತೊಂದು ಭಾನುವಾರ ಹಿಡಿಯಿತು. ಸವೆದ ಚಿಂದಿ ಅರವತ್ತಮೂರು. ಅದರಲ್ಲಿ ಅಪ್ಪನ ಬನಿಯನ್ನು ನಾಲ್ಕು. ಎರಡು ಇನ್ನೂ ಹಾಕಿಕೊಳ್ಳುವಂಥವಾಗಿದ್ದವು ಎಂದು ಆಮೇಲೆ ತಿಳಿಯಿತು.

ಡಿಸೆಂಬರಿನಲ್ಲಿ ಅವ್ವನ ಹಿತ್ತಾಳೆಯ ಚಕ್ಕಲಿ ಅಚ್ಚು ಕೆಟ್ಟಿತು. ಹಿಟ್ಟನ್ನು ಕೆಳಗೆ ಒತ್ತುವ ಒಳಗಿನ ದಿಂಡು ಸೀಳಿತ್ತು. ಜನವರಿ ಕೊನೆಗೆ ಅಕ್ಕನ ಕುಬಸ. ಬಸುರಿಯ ಮಡಿಲಿಗೆ ಚಕ್ಕಲಿ ಬೇಕೇ ಬೇಕು.

"ನಿನ್ನ ಮಶೀನ್ ಐತೆಲ್ಲ, ಒಂದು ದಿಂಡು ಮಾಡಿಕೊಡು" ಎಂದಳು ಅವ್ವ. "ಕುಬಸದೊಳಗ ಆಗಲಿಲ್ಲಂದ್ರ ಅದನ್ನ ಗುಜರಿಯವನ ಗಾಡಿಗೆ ಹೇರಿ ಕಳಸ್ತೇನಿ. ಖರೇ ಹೇಳಾಕತ್ತೇನಿ."

ಅವ್ವ ಖರೇ ಅಂದರೆ ಖರೇನೇ.

ನನ್ನ ಮೊದಲ ದಿಂಡು ಒಂದು ತುದಿಯಲ್ಲಿ ಕೂದಲೆಳೆಯಷ್ಟು ದಪ್ಪವಾಯಿತು. ಅಚ್ಚಿನೊಳಗೆ ಅರ್ಧ ಇಳಿದು, ಮೇಲೂ ಬಾರದೆ ಕೆಳಗೂ ಹೋಗದೆ ಕುಳಿತುಬಿಟ್ಟಿತು. ಅಪ್ಪ ಅಚ್ಚನ್ನು ಎರಡು ಪಾದಗಳ ನಡುವೆ ಹಿಡಿದು ಎಳೆದರು. ಬಂದದ್ದು ಅಪ್ಪನ ಸೊಂಟನೋವು ಮಾತ್ರ. ಕೊನೆಗೆ ಕೆಳಗಿನಿಂದ ಬಡಿದು ದಿಂಡನ್ನು ಹೊರಗೆ ತೆಗೆದು, ಹುಸೇನ್ ಕಾಕಾಗೆ ಫೋನು ಮಾಡಿದೆ.

"ಕಾಲು ನೋಡವಾ" ಎಂದರು. "ನಾಕೂ ಕಾಲು ನೆಲಕ್ಕ ಕುಂತಿಲ್ಲಂದ್ರ ಮಶೀನ್ ತಿರಚಿಕೊಳ್ಳತೈತಿ. ಸೊಟ್ಟನೇ ಹೆರೀತೈತಿ."

ನಿಜ, ನಾಲ್ಕನೆಯ ಕಾಲು ಗಾಳಿಯಲ್ಲಿತ್ತು. ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ, ಮಡಚಿ, ಹಾರೆಯಿಂದ ಕಾಲೆತ್ತಿ ಅಡಿಗೆ ತುರುಕಿದೆ. ಮಟ್ಟ ನೋಡಲು ಮಶೀನಿನ ಮೇಲಿಟ್ಟ ಲೆವೆಲ್ಲಿನ ಗಾಳಿಗುಳ್ಳೆ ನಟ್ಟನಡುವೆ ಬಂದು ನಿಂತಿತು. ಮರುವಾರ ನೋಡಿದರೆ ಕಾಲು ಮತ್ತೆ ಗಾಳಿಯಲ್ಲಿ, ತಗಡು ಮಾಯ.

ಇಲ್ಲಿ ನನ್ನ ವಿದ್ಯೆ ಅಡ್ಡ ಬಂತು. ನಮ್ಮ ಮನೆ ಇರುವುದು ಸುಳ್ಳದ ರಸ್ತೆಯ ಕಡೆ, ಎರೆಮಣ್ಣಿನ ಮೇಲೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಹೊಲದಲ್ಲಿ ಎತ್ತಿನ ಗೊರಸು ಸಿಕ್ಕಿಬೀಳುವಂಥ ಬಿರುಕು ಬಿಡುವ ಮಣ್ಣು ಒಂದು ಚೂರು ತಗಡನ್ನು ನುಂಗದೇ? ದಿನಾ ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಗುಳ್ಳೆ ನೋಡಿ ಗ್ರಾಫ್ ಹಾಕಿದೆ. ಐದು ವಾರ, ಐದು ತಗಡು, ಐದು ಸೊಟ್ಟ ದಿಂಡು. ತಗಡು ಇಡುವುದರಲ್ಲೇ ಭಾನುವಾರ ಮುಗಿಯುತ್ತಿತ್ತು; ಹೆರೆಯಲು ನಿಲ್ಲುವಷ್ಟರಲ್ಲಿ ಕಾಲು ಮತ್ತೆ ಗಾಳಿಯಲ್ಲಿ. ಕಾಲು ಏಳುತ್ತಿದ್ದುದು ಪ್ರತಿ ಸೋಮವಾರ. ಮಣ್ಣಿಗೆ ವಾರ ಗೊತ್ತಿರುತ್ತದೆಯೇ? ನಲ್ಲಿ ನೀರು ಬಂದು ತೊಟ್ಟಿ ತುಂಬುವ ದಿನಕ್ಕೂ ಇದಕ್ಕೂ ಸಂಬಂಧ ಹಚ್ಚಿ ನಾಲ್ಕು ಪುಟ ಬರೆದೆ.

"ಗ್ರಾಫ್ ಬಿಡವಾ" ಎಂದರು ಕಾಕಾ. "ಒಂದು ಸೋಮವಾರ ಅಲ್ಲೇ ಕುಂತು ಕಣ್ಣಿಲೆ ನೋಡು."

ಕುಬಸಕ್ಕೆ ಮೂರು ದಿನ ಇತ್ತು. ಶಾಲೆಗೆ ರಜೆ ಹಾಕಿ ಸ್ಟೂಲಿನ ಮೇಲೆ ಕುಳಿತೆ. ಎಂಟು ಹದಿನಾಲ್ಕಕ್ಕೆ ಅಜ್ಜಿ ಸ್ನಾನ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಅಡುಗೆಮನೆಯ ಇಕ್ಕಳ ಹಿಡಿದು ಬಂದಳು. ನಾಲ್ಕನೆಯ ಕಾಲಿನ ಹತ್ತಿರ ಬಗ್ಗಿದಳು. ಹಲ್ಲು ಕೀಳುವವರ ಹಾಗೆ ತಗಡನ್ನು ಅಲುಗಿಸಿ ಅಲುಗಿಸಿ ಎಳೆದಳು.

"ಅಜ್ಜೀ! ಏನ್ ಮಾಡಾಕತ್ತೀ?"

"ಕಸಾ ತಗ್ಯಾಕತ್ತೇನಿ. ಪ್ರತಿ ಸೋಮವಾರ ಪೂಜಾಕ್ಕ ಮುಂಚೆ ನೋಡ್ತೇನಿ, ಒಂದು ತಗಡು ಇಲ್ಲೇ ಬಂದು ಸಿಕ್ಕೊಂಡಿರತೈತಿ. ಇಷ್ಟು ಬರೀತಿ, ಒಮ್ಮೆರ ಕಸಬರಿಗಿ ಹಿಡೀತಿಯೇನು?"

ತಿರುಚು, ಸಮತಲ, ಭಾರ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿ, "ಎಲ್ಲಾ ಛಲೋ ಐತಿ. ಆದ್ರ ಕಸಾ ಕಸಾನ" ಎಂದಳು.

ಸಂಜೆ ಹೊಸ ತಗಡು ಮಡಚಿ ಕಾಲಿನಡಿ ಇಟ್ಟೆ. ಹೊರಗೆ ಕಾಣುವ ತುದಿಗೆ ದೇವರ ಕೋಣೆಯಿಂದ ಚಿಟಿಕೆ ವಿಭೂತಿ ತಂದು ಮೂರು ಪಟ್ಟೆ ಎಳೆದೆ. ಮರುದಿನ ಕುಬಸದ ಸಲುವಾಗಿ ಮನೆಯೆಲ್ಲ ಸ್ವಚ್ಛವಾಗುವಾಗ ಅಜ್ಜಿ ಇಕ್ಕಳ ಹಿಡಿದು ಬಂದವಳು ಅಲ್ಲೇ ನಿಂತಳು. ಇಕ್ಕಳವನ್ನು ಬೆನ್ನ ಹಿಂದೆ ಮಾಡಿದಳು. ಬಗ್ಗಿ, ತಗಡು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹೋದಳು.

ಆರನೆಯ ದಿಂಡು ಅಚ್ಚಿನೊಳಗೆ ಬೆಣ್ಣೆಯ ಹಾಗೆ ಇಳಿಯಿತು. ಚಕ್ಕಲಿ ಇನ್ನೂರ ಹದಿನಾಲ್ಕು. ಮುರಿದದ್ದು ಒಂಬತ್ತು, ತಿಂದದ್ದು ನಾನೇ. ಅವ್ವ ಲೇಥನ್ನು ಒಮ್ಮೆ ದಿಟ್ಟಿಸಿ, "ಇರ್ಲಿ ಬಿಡು, ಮೂಲ್ಯಾಗ ಬಿದ್ದಿರ್ಲಿ" ಎಂದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಸನ್ಮಾನವಿಲ್ಲ. ಅಪ್ಪನಿಗೂ ಇನ್ನೂ ಸಿಕ್ಕಿಲ್ಲ.

ಈಗ ಹೊಸ ತೊಡಕು. ಮಡಚಿದ ತಗಡು ಭಾರಕ್ಕೆ ಚಪ್ಪಟೆಯಾಗಿ, ಗುಳ್ಳೆ ಒಂದು ಗೆರೆ ಸರಿದಿದೆ. ತಗಡು ಬದಲಿಸಬೇಕು. ಆದರೆ ಅಜ್ಜಿ ಅದಕ್ಕೆ ದಿನಾ ಹೂವು ಏರಿಸುತ್ತಾಳೆ, "ಪೂಜಾ ಆದದ್ದಕ್ಕ ಕೈ ಹಚ್ಚಿದ್ರ ನೋಡು" ಎನ್ನುತ್ತಾಳೆ. ಅಕ್ಕನೂ ಹೆರಿಗೆ ಸುಸೂತ್ರವಾಗಲೆಂದು ಅದಕ್ಕೇ ಕೈಮುಗಿದು ಹೋದಳು. ತಗಡನ್ನು ದೇವರು ಮಾಡಲು ನನಗೆ ಹಿಡಿದದ್ದು ಅರ್ಧ ನಿಮಿಷ. ದೇವರನ್ನು ಮರಳಿ ತಗಡು ಮಾಡುವ ಕ್ರಮ ಯಾವ ಗಣಿತದ ಪುಸ್ತಕದಲ್ಲೂ ಇಲ್ಲ. ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಪತ್ರ ಶಾಲೆಯ ವಿಳಾಸಕ್ಕಿರಲಿ. ಮನೆಯಲ್ಲಿ ಟಪಾಲು ತೆಗೆದುಕೊಳ್ಳುವವಳು ಅಜ್ಜಿ.