ಒರ್ಲೀನಾಳ ಬಕೆಟ್ಟಿನ ಕೆಂಪು ಹಲ್ಲಿ

ಆ ಬೆಟ್ಟಗಳ ತೊರೆಗಳಲ್ಲಿ ಒರ್ಲೀನಾ ಪ್ರೆಸ್ನೆಲ್ ಎತ್ತಿ ನೋಡದ ಕಲ್ಲೇ ಇರಲಿಲ್ಲ. ಗಾಳ ಹಾಕುವವರಿಗೆ ಎರೆಯಾಗಿ ಸಾಲಮ್ಯಾಂಡರ್ ಹಿಡಿದು ಮಾರುವುದು ಅವಳ ಕಸುಬು. ಉತ್ತರ ಕೆರೊಲಿನಾದ ಆ ಭಾಗದಲ್ಲಿ ಅವುಗಳನ್ನು ಒರತೆ ಹಲ್ಲಿ ಎನ್ನುತ್ತಾರೆ. ಅವು ಹಲ್ಲಿಯಲ್ಲ, ಕಪ್ಪೆಯ ಬಳಗ ಎಂದು ಅವಳಿಗೆ ಗೊತ್ತಿದ್ದರೂ ಯಾರನ್ನೂ ತಿದ್ದಲು ಹೋಗುತ್ತಿರಲಿಲ್ಲ. ಕಣ್ಣಿನ ಹಿಂದಿನ ಗೆರೆ, ಬಾಲದ ಅಂಚು, ಹೊಟ್ಟೆಯ ಬಣ್ಣ ನೋಡಿ ಇಪ್ಪತ್ತೆಂಟು ಜಾತಿಗಳನ್ನು ಗುರುತಿಸುತ್ತಿದ್ದಳು. ಪುಸ್ತಕ ಹಿಡಿದು ಬಂದ ಕಾಲೇಜಿನವರೂ ಅನುಮಾನ ಬಂದರೆ ಅವಳ ಬಾಗಿಲನ್ನೇ ತಟ್ಟುತ್ತಿದ್ದರು.

ಅರವತ್ತೆರಡಕ್ಕೆ ಕಣ್ಣಿಗೆ ಪೊರೆ ಬಂತು. ಕಸುಬು ಹೋದೀತೆಂಬ ಅಂಜಿಕೆಯಿಂದ ಯಾರಿಗೂ ಹೇಳಲಿಲ್ಲ.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಬೇಯಿಸಿದ ಬೀನ್ಸ್ ಮತ್ತು ಜೋಳದ ರೊಟ್ಟಿ ಕಟ್ಟಿಕೊಂಡು ಅವಳು ಹೊಳೆದಂಡೆಗೆ ಹೋದಳು. ತಂಗಿ ಜೆಲ್ಲಾ, ತಂಗಿಯ ಗಂಡ ಹೋಬರ್ಟ್ ಮತ್ತು ಅವನ ಗೆಳೆಯರು ಬೆಳಗಿನಿಂದ ಅಲ್ಲೇ ಇದ್ದರು. ಎರೆಯ ಬಕೆಟ್ಟು ಅವಳೇ ಕೊಟ್ಟದ್ದು.

"ಅಕ್ಕಾ, ಪಂದ್ಯ ಗೆದ್ದೆ ಕಣೇ! ನಿನ್ ಕೆಂಪು ಹಲ್ಲೀನ ಜೀವಂತ ನುಂಗ್ಬಿಟ್ಟೆ!" ಎಂದು ಹೋಬರ್ಟ್ ಕೂಗಿದ.

"ಮೀನಿಗ್ ಕೊಟ್ರೆ ನೀನ್ ತಿಂದ್ಯಾ? ಮೀನಿಗಿರೋ ಬುದ್ಧೀನೂ ನಿಂಗಿಲ್ಲ," ಎಂದು ಅವಳೂ ನಕ್ಕಳು.

"ಸುಮ್ನೆ ಜಾರ್‌ಕೊಂಡು ಹೋಗುತ್ತೆ ಅಂದ್ಕೊಂಡಿದ್ದೆ. ಥೂ, ನಿನ್ ಜೋಳದ್ ರೊಟ್ಟಿ ಥರ ಒಣಕಲು, ತರಿತರಿ."

ಒರ್ಲೀನಾಳ ನಗು ಅಲ್ಲೇ ನಿಂತಿತು. ಅವಳು ಹಿಡಿಯುವ ಕೆಂಪು ಹಲ್ಲಿಯ ಮೈ ಲೋಳೆ, ಬೆರಳಿಗೆ ನಿಲ್ಲುವುದಿಲ್ಲ. ತರಿತರಿ ಮೈಯ ಕೆಂಪು ಪ್ರಾಣಿ ಆ ಕಾಡಿನಲ್ಲಿ ಒಂದೇ: ಒರತೆ ಹಲ್ಲಿಗಳ ಬಳಗದ್ದೇ ಆದ ನ್ಯೂಟ್‌ನ ಮರಿ. ಅದರ ಚರ್ಮದಲ್ಲೇ ವಿಷ.

ಬಕೆಟ್ಟಿಗೆ ಕೈ ಹಾಕಿದಳು. ಒಂದು ಜಾರಿತು, ಇನ್ನೊಂದು ಜಾರಿತು. ಮೂಲೆಯಲ್ಲಿದ್ದುದು ಬೆರಳಿಗೆ ಒಣಗಿದ ತೊಗಟೆಯಂತೆ ತಗಲಿತು. ಕಣ್ಣಿಗೆ ಹತ್ತಿರ ಹಿಡಿದಳು. ಬೆನ್ನ ಮೇಲೆ ಕಪ್ಪು ಉಂಗುರದೊಳಗೆ ಕೆಂಪು ಚುಕ್ಕೆಗಳು, ಎರಡು ಸಾಲು. ಒಂದು ಬೆರೆತಿದೆ ಎಂದರೆ ಎರಡು ಬೆರೆತಿರಬಹುದು. ಬೆರೆಸಿದ ಕೈ ತನ್ನದೇ.

"ಹೋಬರ್ಟ್, ತುಟಿ ಹೆಂಗಿದೆ?"

"ಚುಮುಚುಮು ಅಂತಿದೆ. ಯಾಕಕ್ಕಾ? ಯಾಕ್ ಹಂಗ್ ನೋಡ್ತೀಯ?"

"ಜೆಲ್ಲಾ, ಗಾಡಿ ತೆಗಿ!"

ಬೆಟ್ಟದ ತಿರುವುಗಳಲ್ಲಿ ಹೋಬರ್ಟ್ ಎರಡು ಸಲ ವಾಂತಿ ಮಾಡಿಕೊಂಡ. ಮೂರನೆಯ ತಿರುವಿನ ಹೊತ್ತಿಗೆ ಅವನ ಮಾತು ತೊದಲತೊಡಗಿತು. "ಕೈ ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಅಕ್ಕಾ," ಎಂದ. ಅವಳು ಆ ಕೈಯನ್ನು ಹಿಡಿದೇ ಇದ್ದಳು. ಅದು ಬಟ್ಟೆಯಂತೆ ಬಿದ್ದುಕೊಂಡಿತ್ತು. ಅವನ ಎದೆ ಏರುವುದನ್ನೇ ನೋಡುತ್ತಿದ್ದಳು. ಇಳಿದಾಗಲೆಲ್ಲ, ಮತ್ತೆ ಏರದಿದ್ದರೆ ಎಂದು ಅವಳ ಉಸಿರೇ ಕಟ್ಟುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ಏನು ನುಂಗಿದ್ದು? ಖಚಿತವಾಗಿ ಹೇಳ್ಬೇಕು. ಅದರ ಮೇಲೆ ಎಲ್ಲಾ ನಿಂತಿದೆ."

ಜೆಲ್ಲಾ ಅಕ್ಕನ ಮುಖ ನೋಡಿದಳು. ಗೊತ್ತಿಲ್ಲ ಎಂದುಬಿಡಬಹುದಿತ್ತು. ಒರ್ಲೀನಾ ಡಾಕ್ಟರಮ್ಮನ ಹತ್ತಿರ ಸರಿದಳು.

"ನ್ಯೂಟ್ ಮರಿ. ಬಕೆಟ್ಟಲ್ಲಿ ಉಳಿದಿದ್ದ ಇನ್ನೊಂದನ್ನ ನಾನು ಮುಟ್ಟಿ ನೋಡಿದೀನಿ. ಬಕೆಟ್ಟಿಗೆ ಹಾಕಿದ್ದೂ ನಾನೇ. ನಂಗೆ ಕಣ್ಣು ಸರಿಯಾಗಿ ಕಾಣಲ್ಲ."

ಉಸಿರು ನಿಂತರೆ ಯಂತ್ರ ಹಾಕಲು ಎಲ್ಲ ಸಿದ್ಧ ಮಾಡಿಕೊಂಡು ಕಾದರು. ಯಂತ್ರ ಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ ಹೋಬರ್ಟ್ ಬೆರಳು ಮಡಚಿ, ನೀರು ಕೇಳಿದ. ಜೆಲ್ಲಾ ಮಾತ್ರ ಬೇಸಿಗೆ ಮುಗಿಯುವವರೆಗೂ ಅಕ್ಕನ ಜೊತೆ ಮಾತಾಡಲಿಲ್ಲ.

ಒರ್ಲೀನಾ ಪೊರೆ ತೆಗೆಸಿಕೊಂಡಳು. ಕಣ್ಣು ತಿಳಿಯಾಯಿತು, ಭಯ ಹೋಗಲಿಲ್ಲ. ಎರೆ ಮಾರುವುದನ್ನು ನಿಲ್ಲಿಸಿದಳು. ಕಾಲೇಜಿನವರು ಬಂದರೆ ಈಗಲೂ ತೊರೆಗೆ ಇಳಿಯುತ್ತಾಳೆ. ಕೆಂಪು ಪ್ರಾಣಿಯೊಂದು ಕೈಗೆ ಸಿಕ್ಕರೆ ಮಾತ್ರ ಮೂರು ಸಲ ತಿರುಗಿಸಿ ನೋಡಿ, ಪಕ್ಕದವರ ಕೈಗೆ ಕೊಟ್ಟು, "ನೀವೂ ಒಂದ್ಸಲ ನೋಡಿ" ಎನ್ನುತ್ತಾಳೆ.