ಹುಳಕ್ಕೂ ನನಗೂ ಒಂದೇ ಔಷಧಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಯಳಂದೂರಿನ ಬಳಿ ಟೀಚರಾಗಿದ್ದೆ. ರೇಷ್ಮೆ ಹುಳ ಸಾಕುತ್ತಿದ್ದ ಸೋದರತ್ತೆಯ ಮನೆಯಲ್ಲಿ ನನ್ನ ವಾಸ. ಒಮ್ಮೆ ಹಿಪ್ಪುನೇರಳೆ ಕಡ್ಡಿ ಚುಚ್ಚಿ ನನ್ನ ಪಾದ ಕೀವು ಕಟ್ಟಿತು. ಕೊಳ್ಳೇಗಾಲದ ಡಾಕ್ಟರು ಕೊಟ್ಟ ಕ್ಯಾಪ್ಸೂಲನ್ನು ವಾರವಿಡೀ ನುಂಗಿದರೂ ವಾಸಿಯಾಗಲಿಲ್ಲ. ಅವರು ಕೀವನ್ನು ಮೈಸೂರಿನ ಲ್ಯಾಬಿಗೆ ಕಳಿಸಿದರು. ಗಾಯದಲ್ಲಿರುವ ಬ್ಯಾಕ್ಟೀರಿಯಾ ಈ ಔಷಧಿಗೆ ಜಗ್ಗುವುದಿಲ್ಲ ಎಂದು ವರದಿ ಬಂತು. ಬೇರೆ ಇಂಜೆಕ್ಷನ್ ಶುರುವಾಯಿತು.

ಉಳಿದ ಕ್ಯಾಪ್ಸೂಲುಗಳನ್ನು ಎಸೆಯಲು ಹೋದಾಗ ಅತ್ತೆ ತಡೆದರು.

"ಎಸೀಬ್ಯಾಡ ಕಣವ್ವ. ಉಳಕ್ಕೆ ಸಪ್ಪೆ ರೋಗ ಬಂದು ಮೆತ್ತಗಾದ್ರೆ ನಾವು ಕೊಡಾದೂ ಇದೇಯ. ಬಿಚ್ಚಿ, ಪುಡೀನ ನೀರ್ಗೆ ಕದಡಿ ಸೊಪ್ಪಿನ ಮ್ಯಾಲೆ ಚಿಮುಕಿಸ್ತೀವಿ."

ಆ ಸೊಪ್ಪನ್ನು ಎಷ್ಟೋ ಸಲ ನಾನೇ ಬರಿಗೈಯಲ್ಲಿ ಹುಳಗಳಿಗೆ ಹರಡಿದ್ದೆ. ಮುಂದಿನ ಸಲ ಇಂಜೆಕ್ಷನ್‌ಗೆ ಹೋದಾಗ ಡಾಕ್ಟರಿಗೆ ಇದನ್ನು ಹೇಳಿ ಕೇಳಿದೆ.

"ಸಾರ್, ಹುಳದ ಮನೆಯಲ್ಲೇ ಆ ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಹೋಯಿತಾ?"

ಅವರು ಲ್ಯಾಬಿನ ವರದಿಯನ್ನು ಮತ್ತೊಮ್ಮೆ ತಿರುವಿ ನೋಡಿದರು. "ಇರಬಹುದು. ನಾವು ಡಾಕ್ಟರುಗಳೇ ಕಂಡಕಂಡವರಿಗೆ ಬರೆದುಕೊಟ್ಟು ಒಗ್ಗಿಸಿರಲೂಬಹುದು. ನನಗೆ ಗೊತ್ತಿಲ್ಲಮ್ಮ."

ಗಾಯ ಮಾಯಿತು. ಅತ್ತೆಗೆ ಏನು ಹೇಳಬೇಕೆಂದು ಮಾತ್ರ ತಿಳಿಯಲಿಲ್ಲ. ಬೇಡ ಎಂದರೆ ಹುಳ ಸಾಯುತ್ತವೆ, ಹಾಕಿ ಎನ್ನಲು ಭಯ. ಅಷ್ಟರಲ್ಲಿ ಹುಳದ ಮುಂದಿನ ಬೆಳೆಗೆ ಸಪ್ಪೆ ರೋಗ ಬಂದೇಬಿಟ್ಟಿತು.

"ಆಕ್ಲಾ, ಬ್ಯಾಡ್ವಾ? ಓದ್ದೋಳು ನೀನೇ ಯೋಳು" ಎಂದರು ಅತ್ತೆ.

ನಾನು ಮೆತ್ತಗಾದ ಹುಳಗಳನ್ನು ಆರಿಸಿ ತೆಗೆಯತೊಡಗಿದೆ. ಅತ್ತೆ ಔಷಧಿ ಕದಡಿದರು. ಆ ಸಲ ಅರ್ಧ ಹುಳ ಉಳಿದವು. ಔಷಧಿಯಿಂದ ಉಳಿದವೋ, ನಾನು ಆರಿಸಿದ್ದರಿಂದಲೋ, ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.