ಕಸಬರಿಗೆ ತಾಗದ ಮೂಲೆ

ಬೆಟಗೇರಿಯ ಮಗ್ಗಗಳು ಇನ್ನೂ ಸದ್ದು ಮಾಡಿಲ್ಲ. ಊರಂಚಿನಲ್ಲಿರುವ ಇಂಗ್ಲಿಷರ ಹಳೆಯ ಗೋರಿಗಳ ನಡುವೆ ಹನಮಂತವ್ವ ಆಗಲೇ ಸೊಂಟ ಬಗ್ಗಿಸಿದ್ದಾರೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬೇವಿನ ಎಲೆ, ಗುಟ್ಕಾ ಚೀಟಿ, ಕುಡಿದು ಹೋದವರ ಬಾಟಲಿ ಎಲ್ಲವನ್ನೂ ಒಂದೇ ಸಮನೆ ಗುಡಿಸುತ್ತ ಬರುತ್ತಾರೆ. ಉತ್ತರದ ಗೋಡೆಯ ಮೂಲೆ ಬಂದಾಗ ಮಾತ್ರ ಕಸಬರಿಗೆ ಕೆಳಗಿಡುತ್ತಾರೆ. ಅಲ್ಲಿ ಕಲ್ಲಿಲ್ಲ, ಶಿಲುಬೆಯಿಲ್ಲ, ಬರೀ ನೆಲ. ಕುಕ್ಕರುಗಾಲಲ್ಲಿ ಕೂತು ಆ ಎಲೆಗಳನ್ನು ಒಂದೊಂದಾಗಿ ಕೈಯಿಂದಲೇ ಆಯುತ್ತಾರೆ.

ಪಕ್ಕದಲ್ಲೇ ಗೋಣಿಚೀಲ ಸುತ್ತಿದ ಹೊಸ ಕಲ್ಲೊಂದು ಗೋಡೆಗೆ ಒರಗಿದೆ. ಬರುವ ಭಾನುವಾರ ಅದನ್ನು ಇದೇ ಮೂಲೆಯಲ್ಲಿ ನಿಲ್ಲಿಸುವ ಕಾರ್ಯಕ್ರಮ. ಗೌಂಡಿ ಬಂದು ಸುಣ್ಣದ ಪುಡಿಯಿಂದ ಗೆರೆ ಹಾಕಿ ಹೋಗಿದ್ದಾನೆ. ಮೊಣಕಾಲಿನಷ್ಟು ಆಳ ತೋಡಿ ಕಾಂಕ್ರೀಟ್ ತುಂಬಬೇಕಂತೆ.

"ಮೊಣಕಾಲಮಟ ಅಂದ್ರ ಭಾಳ ಆತಲ್ರಿ ಅಕ್ಕಾರ," ಎನ್ನುತ್ತಾರೆ ಹನಮಂತವ್ವ. ಕಲ್ಲು ಭಾರವಿದೆ, ವಾಲಬಾರದಲ್ಲ ಎಂದು ಪತ್ರಿಕೆಗೆ ಬರೆಯಲು ಬಂದಿರುವ ನಾನು ವಿವರಿಸುತ್ತೇನೆ. ಅವರ ಕಣ್ಣು ಸುಣ್ಣದ ಗೆರೆಯ ಮೇಲೇ ಇದೆ.

ಹನಮಂತವ್ವ ಕುರ್ತಕೋಟಿ ಹಳ್ಳಿಯ ಸೊಸೆ. ಗಂಡ ಉಡಚಪ್ಪ ಮದುವೆಯಾದ ಹೊಸದರಲ್ಲೇ ಚರ್ಚಿನವರಿಂದ ಈ ಗೋರಿಗಳನ್ನು ಕಾಯುವ ಕೆಲಸ ಹಿಡಿದರು. ಅವರು ತೀರಿಕೊಂಡ ಮೇಲೆ ಕೆಲಸ ಹೆಂಡತಿಗೆ ಬಂತು. ಇಲ್ಲಿ ನಲವತ್ತಕ್ಕೂ ಹೆಚ್ಚು ಗೋರಿಗಳಿವೆ, ಹೆಸರು ಓದಲು ಬರುವುದು ಹತ್ತೋ ಹನ್ನೆರಡೋ. ಉಳಿದ ಕಲ್ಲುಗಳು ಮಣ್ಣು ಸೇರಿವೆ, ಕೆಲವು ಯಾರದೋ ಹಿತ್ತಲಿನಲ್ಲಿ ಬಟ್ಟೆ ಒಗೆಯಲು ಬಿದ್ದಿವೆ. ಮಳೆಗಾಲದಲ್ಲಿ ಹಾವು, ಬೇಸಿಗೆಯಲ್ಲಿ ಇಸ್ಪೀಟಿನವರು. ಸಂಬಳ ತಡವಾಗಿ ಬರುತ್ತದೆ, ಜನರ ಮಾತು ಹೊತ್ತಿಗೆ ಸರಿಯಾಗಿ ಬರುತ್ತದೆ. ಓಣಿಯಲ್ಲಿ ಅವರ ಹೆಸರೇ 'ಗೋರಿ ಹನಮವ್ವ'. ಜಳಕ ಮಾಡದೆ ಬಾವಿಕಟ್ಟೆಗೆ ಬಂದರೆಂದು ಜಗಳ ತೆಗೆದವರೂ ಇದ್ದಾರೆ.

"ಸತ್ತವ್ರು ಇವತ್ತಿನತನ ನನಗೇನೂ ಅಂದಿಲ್ರಿ," ಎನ್ನುತ್ತಾರೆ ಅವರು. "ಅನ್ನೋರೆಲ್ಲ ಬದುಕಿದ್ದವ್ರ."

ಹೊಸ ಕಲ್ಲಿನ ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ಅಲ್ಲಿಯ ನಿವೃತ್ತ ದಾದಿ ಹಿಲರಿ ಎಂಬಾಕೆ ತನ್ನ ಮುತ್ತಜ್ಜ ಆಲ್ಬರ್ಟ್ ಪಿಮ್‌ನ ಜಾಡು ಹಿಡಿದು ಹಳ್ಳಿ ಚರ್ಚುಗಳ ಹಳೆಯ ದಾಖಲೆಗಳನ್ನು ಜಾಲಾಡುತ್ತಿದ್ದರು. ಒಂದು ಚರ್ಚಿನಲ್ಲಿ ಅವನ ದೀಕ್ಷಾಸ್ನಾನ ಸಿಕ್ಕಿತು. ಇನ್ನೊಂದರಲ್ಲಿ ಮದುವೆ ಸಿಕ್ಕಿತು. ಅಕ್ಷರ ಬಾರದ ಆಲ್ಬರ್ಟ್ ಸಹಿಯ ಬದಲು ಗೀಟು ಎಳೆದಿದ್ದ. ಮಗನ ದೀಕ್ಷಾಸ್ನಾನದ ಹೊತ್ತಿಗೆ ತಂದೆಯ ಉದ್ಯೋಗದ ಜಾಗದಲ್ಲಿ 'ರೈಲ್ವೆ, ಇಂಡಿಯಾ' ಎಂದಿತ್ತು. ಆಮೇಲೆ ಸಿಕ್ಕಿದ್ದು ಹೆಂಡತಿಯ ಮರುಮದುವೆ, ಅವಳ ಹೆಸರಿನ ಪಕ್ಕ 'ವಿಧವೆ'. ನಡುವೆ ಆ ಮನುಷ್ಯ ಎಲ್ಲಿ ಸತ್ತ, ಯಾರು ಮಣ್ಣು ಮಾಡಿದರು ಎಂಬುದು ಆ ದೇಶದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಅದು ಸಿಕ್ಕಿದ್ದು ಇಲ್ಲಿ. ಚರ್ಚಿನ ಕಚೇರಿ ನೋಡಿಕೊಳ್ಳುವ ಸುಭಾಷ, ಹಿಲರಿಯ ಇಮೇಲ್ ಬಂದ ಮೇಲೆ ಗೆದ್ದಲು ತಿಂದ ಹಾಳೆಗಳನ್ನು ತಿಂಗಳುಗಟ್ಟಲೆ ಬಿಡಿಸಿದರು. ಕೊನೆಗೂ ಒಂದು ಸಾಲು ಕಾಣಿಸಿತು: ಆಲ್ಬರ್ಟ್ ಪಿಮ್, ಹಳಿಗೆಲಸದ ಮೇಸ್ತ್ರಿ, ಕಾಲರಾ, ಉತ್ತರದ ಗೋಡೆಯ ಬಳಿ ಹೂಳಲಾಯಿತು.

"ಗ್ವಾಡಿ ನೋಡಿದ್ರ ಈ ತುದಿಯಿಂದ ಆ ತುದಿತನ ಐತಿ. ಎಲ್ಲಿ ಅಂತ ಹೇಳ್ಲಿ?" ಎನ್ನುತ್ತಾರೆ ಸುಭಾಷ. "ಹನಮವ್ವ ಆ ಮೂಲಿ ಅಷ್ಟ ಜ್ವಾಕಿ ಮಾಡೋದು ನನ್ನ ಕಣ್ಣಿಗೆ ಬಿದ್ದಿತ್ತು. ಹಿಂದಿನವ್ರು ಏನರ ಹೇಳಿರಬೇಕು ಅಂತ ಆಕಿನ್ನ ಕೇಳಿದೆ. ಇಲ್ಲೊಂದು ಗೋರಿ ಐತೇನವ್ವ ಅಂದೆ. ಐತ್ರಿ ಅಂದಳು."

ಸುಭಾಷ ಅಂದೇ ಫೋಟೊ ಕಳಿಸಿದರು. ಚಳಿಗಾಲದಲ್ಲಿ ಹಿಲರಿ ಬಂದೇಬಿಟ್ಟರು. ಮಂಡಿ ಸರಿಯಿಲ್ಲದ ಹೆಂಗಸು, ಕೋಲು ಬದಿಗಿಟ್ಟು, ಆ ಬರಿನೆಲದ ಮೇಲೆ ಎರಡೂ ಅಂಗೈ ಊರಿ ಬಿಕ್ಕಿ ಬಿಕ್ಕಿ ಅತ್ತರಂತೆ. ಹನಮಂತವ್ವ ಬೇವಿನ ಮರ ಹಿಡಿದು ನಿಂತು ಅದನ್ನು ನೋಡಿದರು. ಹೋಗುವಾಗ ಹಿಲರಿ ಹನಮಂತವ್ವನ ಕೈಯನ್ನು ಕಣ್ಣಿಗೊತ್ತಿಕೊಂಡು, ಕಲ್ಲು ಕೆತ್ತಿಸಲು ಹೇಳಿ ಹೋದರು.

ಇಷ್ಟು ಕೇಳಿಕೊಂಡು ಒಳ್ಳೆಯ ಲೇಖನವಾಯಿತು ಎಂದು ನಾನು ಖುಷಿಯಲ್ಲಿ ಎದ್ದಿದ್ದೆ. ಆಗ ಹನಮಂತವ್ವ ನನ್ನ ಸೆರಗು ಹಿಡಿದರು.

"ಅಕ್ಕಾರ, ಕುಂಡ್ರಿ. ಅಲ್ಲಿ ಇರೋದು ನಮ್ಮ ಕೂಸು."

ಮೊದಲ ಹೆರಿಗೆ, ಹೆಣ್ಣುಮಗು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬರುವ ಮುಂಚೆಯೇ ತೀರಿಕೊಂಡಿತು. "ಮಳಿ ಹಿಡದ ಹೊಡಿತಿತ್ರಿ. ಎರಿ ಹೊಲದ ಕರಿಮಣ್ಣಿನ ದಾರಿ, ಚಕ್ಕಡಿ ಹೋಗಂಗಿಲ್ಲ, ಮನಷಾ ಹೋಗಂಗಿಲ್ಲ. ಕುರ್ತಕೋಟಿಗೆ ಒಯ್ಯೋದು ಹ್ಯಾಂಗ? ನಮ್ಮವ್ರು ಧೋತರದಾಗ ಸುತ್ತಿಕೊಂಡು ಇಲ್ಲಿಗೆ ತಂದ್ರು. ಯಾರಿಗೂ ಹೇಳಲಿಲ್ಲ. ನಾ ಬಾಣಂತಿ, ಬರಾಕ ಬಿಡಲಿಲ್ಲ. ಆಮ್ಯಾಲೆ ಒಂದಿನ ಕಣ್ಣಿಲೇ ಜಾಗಾ ತೋರಿಸಿದ್ರು."

ಹೆಸರಿಡದ ಕೂಸಿಗೆ ಕಲ್ಲು ನೆಡಬಾರದು, ಎಡೆ ಇಡಬಾರದು, ಅಳಲೂಬಾರದು. ಅತ್ತರೆ ಮುಂದಿನ ಮಗು ಉಳಿಯುವುದಿಲ್ಲ ಎಂಬುದು ಅತ್ತೆಯ ಕಟ್ಟಪ್ಪಣೆ. ಹನಮಂತವ್ವ ಸೆರಗು ಬಾಯಿಗೆ ತುರುಕಿಕೊಂಡು ಬಾಣಂತನ ಕಳೆದರು. ಮುಂದಿನ ಮಗು ಬರಲೇ ಇಲ್ಲ.

"ಮತ್ತ ಕಸಬರಗಿ ಕೂಸಿಗೆ ತಾಗಸ್ತಾರೇನ್ರಿ?" ಎಂದು ನನ್ನನ್ನೇ ಕೇಳುತ್ತಾರೆ.

ಸುಭಾಷ ಕೇಳಿದ ದಿನ ನಿಜ ಹೇಳಬಹುದಿತ್ತಲ್ಲ ಎನ್ನುತ್ತೇನೆ.

"ಯಾರದು ಅಂತ ಅವರು ಕೇಳಲಿಲ್ಲ. ಗೋರಿ ಐತೇನು ಅಂದ್ರು. ಇಲ್ಲ ಅನ್ನಾಕ ಬಾಯಿ ಬರಲಿಲ್ರಿ. ನಮ್ಮದು ಅಂದ್ರ, ಕದ್ದು ಹುಗದೀರಿ, ತಗೀರಿ ಅಂತಾರೇನೋ ಅಂತ ಅಂಜಿಕಿ."

ಇದನ್ನು ಪತ್ರಿಕೆಯಲ್ಲಿ ಬರೆಯಲೇ ಎಂದು ಕೇಳುತ್ತೇನೆ. ಅವರು ಸೀರೆ ಕೊಡವಿ ಏಳುತ್ತಾರೆ. "ಮೊದಲ ಸುಭಾಷ ಸರ್ಗೆ ಹೇಳ್ತೀನಿ. ಆಮ್ಯಾಲೆ ಬರೀರಿ. ಬರ್ರಿ, ಜೋಡಿ ಬರ್ರಿ."

ಚರ್ಚಿನ ಕಚೇರಿಯಲ್ಲಿ ಸುಭಾಷ ನಿಂತುಕೊಂಡೇ ಎಲ್ಲವನ್ನೂ ಕೇಳುತ್ತಾರೆ. ಬೈಯುವುದಿಲ್ಲ. ಫೋನ್ ತೆಗೆದು ಗೌಂಡಿಗೆ ಹೇಳುತ್ತಾರೆ: "ಭಾನುವಾರ ಬರಬ್ಯಾಡಪ. ಆ ಮೂಲ್ಯಾಗ ಗುದ್ದಲಿ ಹಾಕಂಗಿಲ್ಲ." ಆಮೇಲೆ ಹನಮಂತವ್ವನ ಕಡೆ ತಿರುಗಿ, "ನಿನ್ನ ಕೂಸನ್ನ ಯಾರೂ ಮುಟ್ಟಂಗಿಲ್ಲ ತಾಯಿ, ಹೆದರಬ್ಯಾಡ," ಎನ್ನುತ್ತಾರೆ. ಅಷ್ಟು ಹೇಳಿ ಕುರ್ಚಿಯಲ್ಲಿ ಕೂತಾಗ ಮಾತ್ರ ಅವರ ಮುಖ ಬಾಡುತ್ತದೆ. ಆಲ್ಬರ್ಟ್ ಪಿಮ್ ಮತ್ತೆ ಕಳೆದುಹೋಗಿದ್ದಾನೆ. ಹಿಲರಿ ಇನ್ನೊಮ್ಮೆ ಅಷ್ಟು ದೂರ ಬರುವ ಸ್ಥಿತಿಯಲ್ಲಿಲ್ಲ. ಅವನು ಆ ಗೋಡೆಯುದ್ದಕ್ಕೂ ಎಲ್ಲಿದ್ದಾನೋ, ಬಲ್ಲವರು ಯಾರೂ ಉಳಿದಿಲ್ಲ.

"ಆ ಹಿಲರಿ ಬಾಯಾರಿಗೆ ನಾ ಏನಂತ ಬರೀಲಿ?" ಸುಭಾಷ ಯಾರನ್ನೂ ನೋಡದೆ ಕೇಳುತ್ತಾರೆ.

ಬಾಗಿಲ ತನಕ ಹೋಗಿದ್ದ ಹನಮಂತವ್ವ ಅಲ್ಲೇ ನಿಲ್ಲುತ್ತಾರೆ.

"ಖರೇನ ಬರೀರಿ, ಸರ. ತಪ್ಪು ನಂದು ಅಂತಾನೂ ಬರೀರಿ. ಆದ್ರ ಅವರು ಅತ್ತದ್ದು ದಂಡ ಆತು ಅಂತ ಮಾತ್ರ ತಿಳ್ಕೋಬಾರದು. ನನ್ನ ಕೂಸಿಗೆ ಇಷ್ಟು ವರ್ಷದಾಗ ಅತ್ತವ್ರು ಅವರೊಬ್ಬರ. ಅದನ್ನಷ್ಟು ಬರದ ಕಳಸ್ರಿ."